ಕವಾಟವೂ ಕಸಿಯೂ: ಡಾ. ವಲಿಯತ್ತಾನ್ ಅವರ ಸಂಶೋಧನಜೀವನದ ಒಂದು ಸಮೀಕ್ಷೆ

೧

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನರು ಕಠಿನವಾದ ಕಾಯಿಲೆ ಬಂದಾಗ ಘಟ್ಟವಿಳಿದು ಮಣಿಪಾಲಕ್ಕೆ ಹೋಗುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಹೆಗ್ಗೋಡಿನ ಕಡೆಯವರು ಹೊಸನಗರದ ಮಾರ್ಗವಾಗಿ ಹುಲಿಕಲ್ ಘಾಟಿಯನ್ನೂ, ತೀರ್ಥಹಳ್ಳಿಯವರು ಆಗುಂಬೆ ಘಾಟಿಯನ್ನೂ ಇಳಿದು ಕರಾವಳಿಯನ್ನು ಸೇರುತ್ತಾರೆ. ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ, ಆ ಗುಡ್ಡದ ಊರಿನ ಹೆಸರು ಮಲೆನಾಡಿನ ಮನೆಮನೆಗಳಲ್ಲಿ ಆಸ್ಪತ್ರೆ ಎಂಬ ಮಾತಿಗೇ ಪರ್ಯಾಯವಾಗಿ ನಿಂತಿತು. ಹೀಗೆ ಹೋದವರಲ್ಲಿ ಎದೆಯ ಬೇನೆಯವರೂ ಇದ್ದರು; ಅವರಲ್ಲಿ ಕೆಲವರು ಹೃದಯದೊಳಗೆ ಒಂದು ಕೃತಕ ಕವಾಟವನ್ನು ಇಡಿಸಿಕೊಂಡು ಮರಳಿ ಮನೆಗೆ ಬಂದು, ತೋಟ ಗದ್ದೆಗಳನ್ನು ನೋಡಿಕೊಂಡು ಬದುಕಿದವರು.

ಭಾರತದಲ್ಲಿ ಅಂತಹ ಕವಾಟವನ್ನು ಮೊತ್ತಮೊದಲು ಯಶಸ್ವಿಯಾಗಿ ಮಾಡಿಸಿದ ಶಸ್ತ್ರವೈದ್ಯರು ತಮ್ಮ ಜೀವನದ ಕೊನೆಯ ಮೂರು ದಶಕಗಳನ್ನು ಅದೇ ಮಣಿಪಾಲದಲ್ಲಿ ಕಳೆದರೆಂಬುದು ನಮ್ಮ ಸೀಮೆಯಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ. ಡಾ. ಎಂ. ಎಸ್. ವಲಿಯತ್ತಾನ್ ಅವರು ೧೯೯೩ರಲ್ಲಿ ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯ ಮೊದಲ ಕುಲಪತಿಗಳಾಗಿ ಬಂದು, ೨೦೨೪ರ ಜುಲೈ ೧೭ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಪ್ರಸ್ತುತ ಲೇಖನದಲ್ಲಿ ಅವರ ಸಂಶೋಧನಜೀವನವನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸಲು ನಾವು ಯತ್ನಿಸಿದ್ದೇವೆ. ವ್ಯಕ್ತಿಯ ಸ್ತುತಿ ನಮ್ಮ ಉದ್ದೇಶವಲ್ಲ. ಗ್ರಂಥದ ಜ್ಞಾನವೂ ಕೈಯ ಜ್ಞಾನವೂ ಯಾವಾಗ ಕೂಡುತ್ತವೆ, ಯಾವಾಗ ಅಗಲುತ್ತವೆ, ಅಗಲಿದಾಗ ಸಮಾಜಕ್ಕೆ ಒದಗುವ ನಷ್ಟವೇನು ಎಂಬ ಪ್ರಶ್ನೆಗೆ ಈ ಜೀವನ ಒಂದು ಉತ್ತರವನ್ನು ಕೊಡುತ್ತದೆಂದು ನಾವು ಭಾವಿಸಿದ್ದೇವೆ.

೨

ಮೊದಲು ರೋಗದ ವಿಚಾರ. ಹೃದಯದಲ್ಲಿ ನಾಲ್ಕು ಕವಾಟಗಳುಂಟು. ಕೆರೆಯ ತೂಬಿನ ಬಾಗಿಲು ನೀರನ್ನು ಬೇಕಾದಾಗ ಬಿಟ್ಟು ಬೇಡವಾದಾಗ ತಡೆಯುವಂತೆ, ಇವು ರಕ್ತವನ್ನು ಒಂದೇ ದಿಕ್ಕಿಗೆ ಹರಿಯಗೊಟ್ಟು ಹಿಂದಕ್ಕೆ ಬಾರದಂತೆ ತಡೆಯುತ್ತವೆ. ವ್ಯತ್ಯಾಸವೇನೆಂದರೆ ತೂಬನ್ನು ತೆರೆಯಲು ಮುಚ್ಚಲು ನೀರುಗಂಟಿ ಬೇಕು. ಹೃದಯದ ಕವಾಟವಾದರೋ ರಕ್ತದ ಒತ್ತಡದಿಂದ ತಾನಾಗಿಯೇ ತೆರೆದು ಮುಚ್ಚಿಕೊಳ್ಳುತ್ತದೆ. ನಿಮಿಷಕ್ಕೆ ಎಪ್ಪತ್ತು ಬಡಿತವೆಂದು ಲೆಕ್ಕ ಹಿಡಿದರೆ, ಒಂದು ವರ್ಷದಲ್ಲಿ ಈ ಕ್ರಿಯೆ ಸುಮಾರು ೩ ಕೋಟಿ ೭೦ ಲಕ್ಷ ಸಲ ನಡೆಯಬೇಕಾಗುತ್ತದೆ.

ಈ ಕವಾಟಗಳನ್ನು ಕೆಡಿಸತಕ್ಕ ರೋಗಗಳಲ್ಲಿ ನಮ್ಮ ದೇಶದ ಮಟ್ಟಿಗೆ ಮುಖ್ಯವಾದುದು ರುಮ್ಯಾಟಿಕ್ ಜ್ವರ. ಇದು ಸಾಮಾನ್ಯವಾಗಿ ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಬರುತ್ತದೆ. ಒಂದು ಜಾತಿಯ ಸ್ಟ್ರೆಪ್ಟೋಕಾಕಸ್ ರೋಗಾಣುವಿನಿಂದ ಗಂಟಲುನೋವು ಬಂದು ವಾಸಿಯಾದ ಕೆಲವು ವಾರಗಳ ಮೇಲೆ ಜ್ವರವೂ ಕೀಲುನೋವೂ ಕಾಣಿಸಿಕೊಳ್ಳುತ್ತವೆ. ಕೀಲುನೋವು ಹೋಗುತ್ತದೆ, ಹೃದಯದ ಮೇಲಾದ ಗಾಯ ಉಳಿಯುತ್ತದೆ. ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಶಕ್ತಿಯೇ ಭ್ರಮೆಗೊಂಡು ತನ್ನ ಕವಾಟಗಳ ಮೇಲೆ ತಿರುಗಿಬೀಳುವುದು ಇದಕ್ಕೆ ಕಾರಣ. ಇಕ್ಕಟ್ಟಾದ ಮನೆಗಳಲ್ಲಿ, ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ದೊರೆಯದ ಕಡೆಗಳಲ್ಲಿ ಈ ರೋಗ ಹೆಚ್ಚು. ಹೀಗೆ ಬಾಲ್ಯದಲ್ಲಿ ಪೆಟ್ಟುತಿಂದ ಕವಾಟ ಯೌವನದಲ್ಲಿ ಗಡುಸಾಗಿ, ಕಿರಿದಾಗಿ, ಅಥವಾ ಸೋರತೊಡಗಿ, ಕೊನೆಗೆ ಬದಲಾಯಿಸದೆ ಗತ್ಯಂತರವಿಲ್ಲದ ಸ್ಥಿತಿ ಬರುತ್ತದೆ. ಬಡವರ ರೋಗಕ್ಕೆ ಸಿರಿವಂತರ ಚಿಕಿತ್ಸೆ ಬೇಕಾಗಿ ಬಂದುದೇ ಈ ಚರಿತ್ರೆಯ ಮೂಲದಲ್ಲಿರುವ ಸಮಸ್ಯೆ.

೩

ಮಾರ್ತಾಂಡವರ್ಮ ಶಂಕರನ್ ವಲಿಯತ್ತಾನ್ ಅವರು ೧೯೩೪ರ ಮೇ ೨೪ರಂದು ತಿರುವಾಂಕೂರು ಸಂಸ್ಥಾನದ ಮಾವೇಲಿಕ್ಕರೆಯಲ್ಲಿ ಹುಟ್ಟಿದರು. ತಿರುವನಂತಪುರದ ವೈದ್ಯಕೀಯ ಕಾಲೇಜು ೧೯೫೧ರಲ್ಲಿ ಆರಂಭವಾದಾಗ ಅದರ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರಾದರು. ಅನಂತರ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಶಸ್ತ್ರವೈದ್ಯವನ್ನು ಅಭ್ಯಸಿಸಿ, ಭಾರತಕ್ಕೆ ಮರಳಿ ಕೆಲಕಾಲ ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯಲ್ಲಿದ್ದು, ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಪಡೆಯಲು ಅಮೆರಿಕಕ್ಕೆ ತೆರಳಿದರು.

ಅಲ್ಲಿ ಅವರು ಶಿಕ್ಷಣ ಪಡೆದ ಹಿರಿಯರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹಫ್ನಾಗೆಲ್ ಒಬ್ಬರು. ಮಾನವದೇಹದಲ್ಲಿ ಕೃತಕ ಕವಾಟವನ್ನು ೧೯೫೨ರಲ್ಲಿಯೇ ಇಟ್ಟವರು ಇವರು. ಹೃದಯವನ್ನು ತೆರೆದು ಕೆಲಸಮಾಡುವ ಅನುಕೂಲ ಆಗ ಇಲ್ಲದಿದ್ದುದರಿಂದ, ಗುಂಡೊಂದನ್ನು ಒಳಗೊಂಡ ಪ್ಲಾಸ್ಟಿಕ್ ನಳಿಗೆಯನ್ನು ಹೃದಯದ ಹೊರಗೆ, ಕೆಳಮುಖವಾಗಿ ಇಳಿಯುವ ಮಹಾಪಧಮನಿಯಲ್ಲಿ ಜೋಡಿಸಿದ್ದರು. ಹೃದಯದೊಳಗೇ ಕವಾಟವನ್ನಿಟ್ಟು ದೀರ್ಘಕಾಲದ ಸಫಲತೆಯನ್ನು ಪಡೆದುದು ೧೯೬೦ರಿಂದೀಚೆಗೆ, ಆಲ್ಬರ್ಟ್ ಸ್ಟಾರ್ ಎಂಬ ವೈದ್ಯ ಮತ್ತು ಲೋವೆಲ್ ಎಡ್ವರ್ಡ್ಸ್ ಎಂಬ ಯಂತ್ರಶಿಲ್ಪಿ ಕೂಡಿ ಮಾಡಿದ ಗುಂಡಿನ ಕವಾಟದಿಂದ. ವೈದ್ಯನೂ ಯಂತ್ರಶಿಲ್ಪಿಯೂ ಒಂದೇ ಮೇಜಿನ ಮುಂದೆ ಕುಳಿತಾಗ ಮಾತ್ರ ಈ ಕೆಲಸ ಸಾಧ್ಯವಾಯಿತೆಂಬುದನ್ನು ವಾಚಕರು ಗಮನಿಸಬೇಕು.

೧೯೭೦ರ ದಶಕದ ಆದಿಯಲ್ಲಿ ವಲಿಯತ್ತಾನ್ ಅವರು ಸ್ವದೇಶಕ್ಕೆ ಮರಳಿದರು. ತಿರುವಾಂಕೂರಿನ ರಾಜಮನೆತನದವರು ಆಸ್ಪತ್ರೆಯೊಂದಕ್ಕಾಗಿ ತಿರುವನಂತಪುರದಲ್ಲಿ ಕಟ್ಟಡವನ್ನು ದಾನಮಾಡಿದ್ದರು, ಮುಖ್ಯಮಂತ್ರಿ ಸಿ. ಅಚ್ಯುತ ಮೇನನ್ ಅವರ ಸರಕಾರ ಅದನ್ನು ವಿಶೇಷ ಚಿಕಿತ್ಸೆಯ ಕೇಂದ್ರವನ್ನಾಗಿ ಬೆಳೆಸಲು ಬಯಸಿತು. ೧೯೭೪ರಲ್ಲಿ ಅದರ ಹೊಣೆಯನ್ನು ವಲಿಯತ್ತಾನ್ ಅವರು ವಹಿಸಿಕೊಂಡರು. ೧೯೭೬ರಲ್ಲಿ ರೋಗಿಗಳ ಚಿಕಿತ್ಸೆ ಆರಂಭವಾಯಿತು. ಆಸ್ಪತ್ರೆಯೊಂದನ್ನೇ ಕಟ್ಟಿ ಅವರು ತೃಪ್ತರಾಗಲಿಲ್ಲ. ಅದೇ ನಗರದ ಪೂಜಪ್ಪುರದಲ್ಲಿದ್ದ ಸಾಟೆಲ್ಮಂಡ್ ಅರಮನೆಯಲ್ಲಿ ಜೀವವೈದ್ಯಕೀಯ ತಂತ್ರವಿಜ್ಞಾನದ ವಿಭಾಗವನ್ನು ತೆರೆದು, ಲೋಹಶಾಸ್ತ್ರಜ್ಞರು, ರಸಾಯನಶಾಸ್ತ್ರಜ್ಞರು, ಯಂತ್ರಶಿಲ್ಪಿಗಳು, ಪ್ರಾಣಿವೈದ್ಯರು ಇವರೆಲ್ಲರನ್ನೂ ಕೂಡಿಸಿದರು. ರಾಣಿವಾಸದ ಕೋಣೆಗಳಲ್ಲಿ ಪ್ರಯೋಗಾಲಯಗಳು ತಲೆಯೆತ್ತಿದುವು. ೧೯೮೦ರಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ ಇವೆರಡೂ ಸೇರಿ ಶ್ರೀ ಚಿತ್ರಾ ತಿರುನಾಳ್ ವೈದ್ಯವಿಜ್ಞಾನ ಮತ್ತು ತಂತ್ರವಿಜ್ಞಾನ ಸಂಸ್ಥೆಯೆಂಬ ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯಾಯಿತು.

೪

ಆ ಕಾಲದಲ್ಲಿ ಕವಾಟಗಳು ಹೊರದೇಶಗಳಿಂದಲೇ ಬರಬೇಕಾಗಿದ್ದುವು. ವಿದೇಶೀ ವಿನಿಮಯದ ಅಭಾವವೊಂದು ಕಡೆ, ರೋಗಿಯ ಬಡತನವೊಂದು ಕಡೆ. ಶಸ್ತ್ರಚಿಕಿತ್ಸೆಯನ್ನು ಮಾಡಬಲ್ಲ ವೈದ್ಯರಿದ್ದರೂ ಇಡಬೇಕಾದ ಕವಾಟವಿಲ್ಲದೆ ರೋಗಿ ಮರಳಿಹೋಗುವ ಪ್ರಸಂಗವಿತ್ತು. ಆದುದರಿಂದ ಕವಾಟವನ್ನು ಇಲ್ಲಿಯೇ ತಯಾರಿಸಬೇಕೆಂಬ ಸಂಕಲ್ಪ ಹುಟ್ಟಿತು. ಜಿ. ಎಸ್. ಭುವನೇಶ್ವರ್, ಸಿ. ವಿ. ಮುರಳೀಧರನ್ ಮೊದಲಾದ ಯಂತ್ರಶಿಲ್ಪಿಗಳು ಈ ಕಾರ್ಯದಲ್ಲಿ ತೊಡಗಿದರು.

ದೇಹದೊಳಗೆ ಇಡಲು ಯೋಗ್ಯವಾದ ವಸ್ತುವನ್ನು ವಿಜ್ಞಾನಿಗಳು ಬಯೋಮೆಟೀರಿಯಲ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಜೀವಾನುಕೂಲ ವಸ್ತುವೆನ್ನಬಹುದು. ಅಂತಹ ವಸ್ತು ಸವೆಯಬಾರದು, ಮುರಿಯಬಾರದು, ತುಕ್ಕು ಹಿಡಿಯಬಾರದು, ವಿಷವಾಗಬಾರದು; ಎಲ್ಲಕ್ಕಿಂತ ಮಿಗಿಲಾಗಿ ಅದರ ಮೇಲೆ ರಕ್ತ ಹೆಪ್ಪುಗಟ್ಟುವುದು ಆದಷ್ಟು ಕಡಿಮೆಯಾಗಿರಬೇಕು. ಈ ಗುಣಗಳೆಲ್ಲ ಒಂದೇ ವಸ್ತುವಿನಲ್ಲಿ ದೊರೆಯುವುದು ದುರ್ಲಭ. ಚಿತ್ರಾ ಸಂಸ್ಥೆಯವರು ಆರಿಸಿಕೊಂಡುದು ವಾಲುಬಿಲ್ಲೆಯ ಕವಾಟ. ಎಂದರೆ, ಲೋಹದ ಬಳೆಯೊಳಗೆ ದುಂಡು ಬಿಲ್ಲೆಯೊಂದು ಓರೆಯಾಗಿ ಏಳುತ್ತ ಬೀಳುತ್ತ ರಕ್ತಕ್ಕೆ ದಾರಿ ಬಿಡುವ ಮಾದರಿ.

ಮೊದಲನೆಯ ಮಾದರಿಯಲ್ಲಿ ಬಿಲ್ಲೆಯನ್ನು ಹಿಡಿದಿಡತಕ್ಕ ಕಂಬಿ ಬೆಸುಗೆಯ ಎಡೆಯಲ್ಲಿ ಮುರಿಯಿತು. ಎರಡನೆಯದರಲ್ಲಿ ಟೈಟೇನಿಯಂ ಚೌಕಟ್ಟಿಗೆ ಕೃತಕವಾಗಿ ಬೆಳೆಸಿದ ನೀಲಮಣಿಯ ಬಿಲ್ಲೆಯನ್ನು ಹೊಂದಿಸಿದರು; ಮಣಿ ಗಟ್ಟಿಯಾಗಿತ್ತು, ಆದರೆ ಅದರ ಉಜ್ಜಾಟಕ್ಕೆ ಲೋಹ ಸವೆಯತೊಡಗಿತು. ಮೂರನೆಯದರಲ್ಲಿ ಚೌಕಟ್ಟಿಗೆ ಹೇನ್ಸ್-೨೫ ಎಂಬ, ಕೋಬಾಲ್ಟ್ ಪ್ರಧಾನವಾದ ಗಡುಸು ಮಿಶ್ರಲೋಹವನ್ನು ಬಳಸಿದರು. ಯಂತ್ರದ ಪರೀಕ್ಷೆಯಲ್ಲಿ ಇದು ಗೆದ್ದಿತು. ಆದರೆ ಪ್ರಾಣಿಯ ದೇಹದಲ್ಲಿ ಇಟ್ಟು ನೋಡಿದಾಗ, ಕೆಲವು ತಿಂಗಳು ಸುಸೂತ್ರವಾಗಿ ನಡೆದ ಮೇಲೆ ನೀಲಮಣಿಯ ಬಿಲ್ಲೆಯೇ ಒಡೆಯಿತು. ಹೀಗೆ ಮೂರು ಮಾದರಿಗಳು ವಿಫಲವಾದುವು. ನಾಲ್ಕನೆಯ ಮಾದರಿಯಲ್ಲಿ ಹೇನ್ಸ್-೨೫ರ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡು, ಬಿಲ್ಲೆಯನ್ನು ಮಾತ್ರ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಿಂದ ಮಾಡಿದರು. ಹೊಲಿಗೆಗೆಂದು ಸುತ್ತಲೂ ಪಾಲಿಯೆಸ್ಟರ್ ಹೆಣಿಗೆಯ ಬಳೆಯನ್ನು ಕೂಡಿಸಿದರು. ಮಣಿಗಿಂತ ಬಹಳ ಮೆದುವಾದ, ಬೆಲೆಯಲ್ಲಿಯೂ ಅಗ್ಗವಾದ ಪ್ಲಾಸ್ಟಿಕ್ಕು ಮಣಿ ಸೋತ ಕಡೆ ನಿಂತಿತು. ಅದು ಲೋಹವನ್ನು ಸವೆಯಿಸಲಿಲ್ಲ, ತಾನೂ ಒಡೆಯಲಿಲ್ಲ. ಮುಚ್ಚುವಾಗಿನ ಸದ್ದೂ ಕಡಿಮೆಯಾಯಿತು.

೧೯೯೦ರ ಡಿಸೆಂಬರ್ ೬ರಂದು ಈ ಕವಾಟವನ್ನು ಮೊದಲ ಬಾರಿಗೆ ರೋಗಿಯೊಬ್ಬರ ಹೃದಯದಲ್ಲಿ ಇಡಲಾಯಿತು. ಅನಂತರ ಟಿ.ಟಿ.ಕೆ. ಸಂಸ್ಥೆ ಅದರ ತಯಾರಿಕೆಯನ್ನು ವಹಿಸಿಕೊಂಡಿತು. ಅಂದಿನಿಂದ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಕವಾಟವನ್ನು ಇಡಲಾಗಿದೆ. ಬೆಲೆ ಆಮದಿನ ಕವಾಟಕ್ಕಿಂತ ಬಹಳ ಕಡಿಮೆಯಾದುದರಿಂದ ಸಾಮಾನ್ಯ ಗೃಹಸ್ಥರಿಗೂ ಅದು ಎಟುಕುವಂತಾಯಿತು.

ಈ ವೈಫಲ್ಯಗಳ ಪರಂಪರೆಯನ್ನು ನಾವು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಅದೇ ಕಾಲದಲ್ಲಿ ಸಂಪನ್ನವಾದ ಅಮೆರಿಕದಲ್ಲಿ ಬಿಯಾರ್ಕ್-ಶೈಲಿ ಎಂಬ ವಾಲುಬಿಲ್ಲೆಯ ಕವಾಟದ ಒಂದು ಮಾದರಿ ೧೯೭೯ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿಯೂ ಬೆಸುಗೆ ಹಾಕಿದ ಕಂಬಿ ಮುರಿಯಿತು. ಆದರೆ ಮುರಿದುದು ಪ್ರಯೋಗಶಾಲೆಯಲ್ಲಿ ಅಲ್ಲ, ರೋಗಿಗಳ ಎದೆಯಲ್ಲಿ. ಅನೇಕ ಜನರು ಸತ್ತ ಮೇಲೆ, ೧೯೮೬ರಲ್ಲಿ, ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. ತಿರುವನಂತಪುರದಲ್ಲಿ ಕಂಬಿ ಮುರಿದಾಗ ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸಿದರು. ಇದರಿಂದ ವರ್ಷಗಳು ಕಳೆದುವು, ಟೀಕೆಯನ್ನೂ ಕೇಳಬೇಕಾಯಿತು, ಜೀವಹಾನಿಯಾಗಲಿಲ್ಲ. ತಡವಾದುದನ್ನೇ ದೋಷವೆಂದು ಎಣಿಸತಕ್ಕ ಇತಿಹಾಸಕಾರರು ಈ ಎರಡು ಸಂಗತಿಗಳನ್ನು ಜೊತೆಯಾಗಿಟ್ಟು ತೂಗಬೇಕು.

೫

ಮಣಿಪಾಲದಲ್ಲಿ ಕುಲಪತಿಗಳಾಗಿದ್ದ ಅವಧಿ ೧೯೯೯ರಲ್ಲಿ ಮುಗಿದ ಮೇಲೆ ವಲಿಯತ್ತಾನ್ ಅವರು ಹಿಡಿದ ಕೆಲಸ ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು. ಶಸ್ತ್ರವನ್ನು ಕೆಳಗಿಟ್ಟು ಅವರು ಸಂಹಿತೆಗಳನ್ನು ಕೈಗೆತ್ತಿಕೊಂಡರು. ಕೇರಳದ ವೈದ್ಯ ರಾಘವನ್ ತಿರುಮುಲ್ಪಾಡ್ ಅವರ ಬಳಿ ಶಿಷ್ಯವೃತ್ತಿಯಿಂದ ಆಯುರ್ವೇದವನ್ನು ಅಭ್ಯಸಿಸಿ, ಚರಕ, ಸುಶ್ರುತ, ವಾಗ್ಭಟ ಈ ಮೂವರ ಮೇಲೆ ಅನುಕ್ರಮವಾಗಿ ೨೦೦೩, ೨೦೦೭ ಮತ್ತು ೨೦೦೯ರಲ್ಲಿ ಇಂಗ್ಲಿಷಿನಲ್ಲಿ ಮೂರು ಗ್ರಂಥಗಳನ್ನು ಪ್ರಕಟಿಸಿದರು. ಕವಾಟದ ಕೆಲಸಕ್ಕೂ ಈ ಕೆಲಸಕ್ಕೂ ಸಂಬಂಧವೇನೆಂದು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಅದನ್ನು ಸ್ಪಷ್ಟಪಡಿಸಲು ಕರ್ನಾಟಕದ ಚರಿತ್ರೆಗೆ ಸಂಬಂಧಿಸಿದ ಪ್ರಸಂಗವೊಂದನ್ನು ಇಲ್ಲಿ ತರುತ್ತೇವೆ.

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬಾತ ಟಿಪ್ಪು ಸುಲ್ತಾನನ ಸೈನ್ಯದ ಕೈಗೆ ಸೆರೆಸಿಕ್ಕಿದನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಮುಂದೆ ಪುಣೆಯ ಹತ್ತಿರ ಕುಶಲಕರ್ಮಿಯೊಬ್ಬನು, ಇಟ್ಟಿಗೆ ಮಾಡುವ ಜಾತಿಯವನೆಂದು ಹೇಳಿದೆ, ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿದನು. ಈ ವೃತ್ತಾಂತ ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ಶಸ್ತ್ರವೈದ್ಯನು ೧೮೧೪ರಲ್ಲಿ ಅದೇ ವಿಧಾನವನ್ನು ಅನುಸರಿಸಿ ಯಶಸ್ಸನ್ನು ಪಡೆದು, ೧೮೧೬ರಲ್ಲಿ ಗ್ರಂಥವನ್ನು ಬರೆದನು. ಯುರೋಪಿನ ಆಧುನಿಕ ಪುನಾರಚನಾ ಶಸ್ತ್ರಚಿಕಿತ್ಸೆಗೆ ಇದೊಂದು ಮುಖ್ಯ ಆರಂಭ.

ಇಲ್ಲಿ ವಿಚಾರಮಾಡಬೇಕಾದ ಅಂಶ ಬೇರೆ. ಮೂಗನ್ನು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ: ಎಲೆಯೊಂದರಿಂದ ಮೂಗಿನ ಅಳತೆ ತೆಗೆದು, ಕೆನ್ನೆಯಿಂದ ಅಷ್ಟೇ ಚರ್ಮವನ್ನು, ಬುಡ ಬಿಡದಂತೆ, ಎಬ್ಬಿಸಿ ಕೂಡಿಸಬೇಕೆಂದು ಅಲ್ಲಿ ವಿಧಿಸಿದೆ. ಆದರೆ ೧೮ನೆಯ ಶತಮಾನದಲ್ಲಿ ಈ ವಿದ್ಯೆ ಜೀವಂತವಾಗಿದ್ದುದು ಸಂಹಿತೆಯನ್ನು ಪಠಿಸುತ್ತಿದ್ದ ಪಂಡಿತವೈದ್ಯರಲ್ಲಲ್ಲ, ಅದನ್ನು ಓದದಿದ್ದಿರಬಹುದಾದ ಕುಶಲಕರ್ಮಿಯ ಕೈಯಲ್ಲಿ. ಗ್ರಂಥವಿದ್ದವನಿಗೆ ಕೈ ಇರಲಿಲ್ಲ. ಕೈಯಿದ್ದವನಿಗೆ ಗ್ರಂಥ ಇರಲಿಲ್ಲ. ಇಬ್ಬರ ನಡುವೆ ಜಾತಿಯ ಗೋಡೆಯಿತ್ತು. ಪರಿಣಾಮವಾಗಿ ವಿದ್ಯೆ ನಶಿಸಲಿಲ್ಲ ನಿಜ, ಆದರೆ ಬೆಳೆಯಲೂ ಇಲ್ಲ. ಅದನ್ನು ಬೆಳೆಸುವ ಕೀರ್ತಿ ದೂರದ ದೇಶಕ್ಕೆ ಹೋಯಿತು. ತಿರುವನಂತಪುರದಲ್ಲಿ ಆಸ್ಪತ್ರೆಯನ್ನೂ ಕಾರ್ಯಾಗಾರವನ್ನೂ ಒಂದೇ ಸಂಸ್ಥೆಯಾಗಿ ಕಟ್ಟಿದುದರ ಐತಿಹಾಸಿಕ ಅರ್ಥ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಶತಮಾನಗಳಿಂದ ಬೇರೆಯಾಗಿದ್ದ ಕೈಯನ್ನೂ ಗ್ರಂಥವನ್ನೂ ಅಲ್ಲಿ ಮತ್ತೆ ಕೂಡಿಸಲಾಯಿತು.

೬

ಕವಾಟ ಎಷ್ಟೇ ಉತ್ತಮವಾಗಿದ್ದರೂ ಅದು ನಿರ್ಜೀವ ವಸ್ತು. ಅದು ಬೆಳೆಯದು, ಗಾಯವಾದರೆ ಮಾಯದು. ಆದುದರಿಂದ ಜೀವಾನುಕೂಲ ವಸ್ತುಗಳ ಶಾಸ್ತ್ರ ಈಗ ಇನ್ನೊಂದು ಹೆಜ್ಜೆಯನ್ನಿಟ್ಟಿದೆ: ಕೆಟ್ಟ ಭಾಗದ ಬದಲಿಗೆ ಬೇರೊಂದನ್ನು ಇಡುವುದಕ್ಕಿಂತ, ದೇಹವೇ ತನ್ನ ಅಂಗಾಂಶವನ್ನು ಮರಳಿ ಬೆಳೆಸಿಕೊಳ್ಳಲು ಆಸರೆಯಾಗಬಲ್ಲ ವಸ್ತುವನ್ನು ಒದಗಿಸುವುದು. ಇದನ್ನು ಅಂಗಾಂಶಗಳ ಪುನರುತ್ಪಾದನೆ ಎನ್ನುತ್ತಾರೆ. ಚಿತ್ರಾ ಸಂಸ್ಥೆಯಲ್ಲಿಯೇ ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನು ತೆಗೆದು, ಉಳಿದ ನಾರಿನ ಹಂದರವನ್ನು ಗಾಯಗಳ ಮೇಲೆ ಹೊದಿಸತಕ್ಕ ಪದರವನ್ನಾಗಿ ಸಿದ್ಧಪಡಿಸಿದ್ದಾರೆ. ವೀಳ್ಯದ ಬಳ್ಳಿಗೆ ಅಡಕೆಯ ಮರ ಆಸರೆಯಾದಂತೆ, ಈ ಹಂದರವನ್ನು ಹಿಡಿದು ರೋಗಿಯ ಸ್ವಂತ ಕೋಶಗಳು ಹಬ್ಬಿ ಗಾಯವನ್ನು ತುಂಬುತ್ತವೆ; ಕೆಲಸ ಮುಗಿದ ಮೇಲೆ ಹಂದರ ಕರಗಿಹೋಗುತ್ತದೆ.

ಅಪ್ಪೆಮಿಡಿಯ ಮಾವನ್ನು ಕಸಿಕಟ್ಟಿ ಬೆಳೆಸತಕ್ಕ ನಮ್ಮ ಸೀಮೆಯ ರೈತರಿಗೆ ಇದರ ತತ್ತ್ವ ಅಪರಿಚಿತವಲ್ಲ. ಕಸಿಯ ಕಡ್ಡಿ ಬದುಕಬೇಕಾದರೆ ತಾಯಿಗಿಡದ ರಸ ಅದಕ್ಕೆ ಹರಿಯಬೇಕು. ಸುಶ್ರುತನು ಚರ್ಮದ ಬುಡವನ್ನು ಬಿಡಿಸಬಾರದೆಂದುದೂ ಅದಕ್ಕಾಗಿಯೇ; ರಕ್ತದ ಹರಿವು ತಪ್ಪಿದರೆ ಚರ್ಮ ಸಾಯುತ್ತದೆ. ಇಂದಿನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಅಂಗಾಂಶ ತುಸು ದಪ್ಪವಾದೊಡನೆ ಎದುರಾಗುವ ದೊಡ್ಡ ತೊಡಕೂ ಅದೇ: ಒಳಗಿನ ಕೋಶಗಳಿಗೆ ರಕ್ತವನ್ನು ಮುಟ್ಟಿಸುವುದು ಹೇಗೆ? ಉಪಕರಣಗಳು ಬದಲಾಗಿವೆ, ಪ್ರಶ್ನೆ ಬದಲಾಗಿಲ್ಲ.

೭

ಈ ಸಾಧನೆಯ ಮಿತಿಗಳನ್ನು ಹೇಳದೆ ಲೇಖನವನ್ನು ಮುಗಿಸುವುದು ನ್ಯಾಯವಾಗಲಾರದು. ಯಾಂತ್ರಿಕ ಕವಾಟವನ್ನು ಇಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವಮಾನವೆಲ್ಲ ಮಾತ್ರೆಯನ್ನು ಸೇವಿಸಬೇಕು. ಮಾತ್ರೆ ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪುಕಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವವಾಗುತ್ತದೆ. ಆದಕಾರಣ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿ, ಮರ ಬಿದ್ದು ದಾರಿ ಕಟ್ಟತಕ್ಕ ಮಲೆನಾಡಿನ ಒಂಟಿಮನೆಯ ಹೆಣ್ಣುಮಗಳೊಬ್ಬಳಿಗೆ ಈ ನಿಯಮ ಎಷ್ಟು ಕಷ್ಟವಾದುದೆಂಬುದನ್ನು ವಿವರಿಸಬೇಕಾಗಿಲ್ಲ. ಅವಳು ಬಸುರಿಯಾದರೆ ಅಪಾಯ ಇನ್ನೂ ಹೆಚ್ಚು. ಕವಾಟದ ಬೆಲೆ ಇಳಿದರೂ ಅದರೊಡನೆ ಬದುಕುವ ಬೆಲೆ ಉಳಿದೇ ಇದೆ. ಮೇಲಾಗಿ, ಬಾಲ್ಯದಲ್ಲಿ ಗಂಟಲುನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ, ಒಮ್ಮೆ ರೋಗ ಬಂದವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಚುಚ್ಚುಮದ್ದನ್ನು ತಪ್ಪದೆ ಹಾಕಿದರೆ, ಬಹುಮಂದಿಗೆ ಕವಾಟದ ಅಗತ್ಯವೇ ಬೀಳದು. ಉತ್ತಮ ಕವಾಟವನ್ನು ಮಾಡಿದ ದೇಶ ಕವಾಟ ಬೇಡವಾಗುವಂತೆ ಮಾಡುವ ಕಾರ್ಯದಲ್ಲಿ ಹಿಂದುಳಿಯಬಾರದು.

ವಲಿಯತ್ತಾನ್ ಅವರಿಗೆ ೨೦೦೫ರಲ್ಲಿ ಪದ್ಮವಿಭೂಷಣ ದೊರೆಯಿತು. ಅದಕ್ಕೆ ಮುಂಚೆ ಅವರು ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಇಂತಹ ಗೌರವಗಳ ಪಟ್ಟಿ ಎಲ್ಲಿಯಾದರೂ ಸಿಕ್ಕುತ್ತದೆ. ಸಿಕ್ಕದಿರುವುದು ಇನ್ನೊಂದು ಚರಿತ್ರೆ: ಕವಾಟವನ್ನು ಎದೆಯಲ್ಲಿ ಇಟ್ಟುಕೊಂಡು ಮೂವತ್ತು ವರ್ಷ ಬದುಕಿದವರದು, ಅದನ್ನು ಕಾಯುತ್ತ ತೀರಿಕೊಂಡವರದು. ಆಸ್ಪತ್ರೆಯ ಚೀಟಿಗಳು, ರಕ್ತಪರೀಕ್ಷೆಯ ಪುಸ್ತಕಗಳು, ಚಿಕಿತ್ಸೆಗಾಗಿ ತೋಟವನ್ನು ಅಡವಿಟ್ಟ ಪತ್ರಗಳು ಹೆಗ್ಗೋಡು, ಹೊಸನಗರ, ತೀರ್ಥಹಳ್ಳಿಗಳ ಮನೆಗಳ ಪೆಟ್ಟಿಗೆಗಳಲ್ಲಿ ಇರಲೇಬೇಕು. ತಾಮ್ರಶಾಸನಗಳನ್ನೂ ಕಡತಗಳನ್ನೂ ಹುಡುಕುವಷ್ಟೇ ಶ್ರದ್ಧೆಯಿಂದ, ಮನೆಯವರ ಒಪ್ಪಿಗೆಯನ್ನು ಪಡೆದು, ನಮ್ಮ ವಿದ್ಯಾರ್ಥಿಗಳು ಇವನ್ನು ಸಂಗ್ರಹಿಸಿದರೆ ಒಳ್ಳೆಯದು. ೧೯೪೯ರಲ್ಲಿ ಹೆಗ್ಗೋಡಿನಂತಹ ಸಣ್ಣ ಊರಿನ ಜನರು ನೀನಾಸಂ ಅನ್ನು ಕಟ್ಟಿ, ನಾಟಕದ ವಿದ್ಯೆಯನ್ನೂ ರಂಗದ ಮೇಲಿನ ಕೈಗೆಲಸವನ್ನೂ ಒಂದೆಡೆ ಬೆಳೆಸಿದುದನ್ನು ಕಂಡ ನಾಡು ಇದು. ನಮ್ಮ ಕಾಲೇಜುಗಳಲ್ಲಿ ಉಪನ್ಯಾಸದ ಕೊಠಡಿಗೂ ಕೈಗೆಲಸದ ಕೊಠಡಿಗೂ ನಡುವೆ ಇರುವ ಗೋಡೆಯನ್ನು ಕುರಿತು ಆಲೋಚಿಸಲು ಈ ಜೀವನಚರಿತ್ರೆ ಅಧ್ಯಾಪಕರನ್ನು ಪ್ರೇರಿಸುವುದಾದರೆ ನಮ್ಮ ಶ್ರಮ ಸಾರ್ಥಕ.